ಗೋಡೆಯಾಚೆಯ ವೈಫೈ

ಮಧ್ಯಾಹ್ನ ಎರಡಕ್ಕೆ ಲುಬೋವಾನ ಹಣೆಬರಹ ತೀರ್ಮಾನವಾಗಬೇಕಿತ್ತು. ಒಂದು ಗಂಟೆಗೆ ವೈಫೈ ಕೈಕೊಟ್ಟಿತು.

ಬೆಳಗಿನಿಂದ ಅದು ಚೆನ್ನಾಗಿಯೇ ಇತ್ತು. ಯಾರಿಗೂ ಬೇಡದ ಹೊತ್ತಿನಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ, ಹಾಳಾದ್ದು! ಲುಬೋವಾ ಬಿಳಿ ಅಂಗಿ ತೊಟ್ಟು, ಗಂಟಲಿಗೆಂದು ಶುಂಠಿ ಕಷಾಯ ಕುಡಿದು, ಮಲಗುವ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಗೋಡೆಯ ಆಚೆ ಪಾತ್ರೆಯೊಂದು ಠಣ್ ಎಂದಿತು. ಅದಾದ ಸ್ವಲ್ಪ ಹೊತ್ತಿಗೆ ಪರದೆಯ ಮೂಲೆಯಲ್ಲಿದ್ದ ಬೀಸಣಿಗೆಯಂಥ ಗುರುತು ಒಂದೊಂದೇ ಗೆರೆ ಉದುರಿಸಿಕೊಂಡು ಬರೀ ಚುಕ್ಕೆಯಾಯಿತು.

"ಅಯ್ಯೋ ನಿನ್ನ! ಈಗಲೇ ಆಗ್ಬೇಕಿತ್ತಾ ನಿಂಗೆ?" ಎಂದು ಲ್ಯಾಪ್‌ಟಾಪನ್ನೇ ಕೇಳಿದ.

ಅದೇನು ಉತ್ತರ ಕೊಡುತ್ತದೆಯೇ? ಅವನು ವೈಫೈ ಆರಿಸಿದ, ಹಚ್ಚಿದ. ಮನೆಯ ಹೆಸರನ್ನು ಅಳಿಸಿ, ಗುಪ್ತಪದ ಹೊಸದಾಗಿ ಹೊಡೆದ. ಅವಸರದಲ್ಲಿ ಅಕ್ಷರ ತಪ್ಪಿತು, ಮತ್ತೆ ಹೊಡೆದ. 'ಸೇರುತ್ತಿದೆ' ಎಂದಿತು, 'ಸೇರಲಾಗಲಿಲ್ಲ' ಎಂದಿತು. ಇಡೀ ಯಂತ್ರವನ್ನೇ ಆರಿಸಿ ಹಚ್ಚಿದರೆ ಅದಕ್ಕೆ ಆಗಲೇ ಹೊಸ ಸಾಫ್ಟ್‌ವೇರು ಹಾಕಿಕೊಳ್ಳುವ ಚಪಲ ಹತ್ತಬೇಕೇ! 'ದಯವಿಟ್ಟು ಕಾಯಿರಿ' ಎಂದು ಒಂದು ಚಕ್ರ ತಿರುಗತೊಡಗಿತು. ಆ ಚಕ್ರವನ್ನು ನೋಡುತ್ತ ಕೂತವನ ತಲೆಯೂ ಅದರ ಜೊತೆಗೇ ತಿರುಗಿತು.

ಲುಬೋವಾನ ಬಂಡವಾಳ ಮಾತು. ಹುಡುಗನ ಕಡೆಯವರು ಹೆಣ್ಣಿನ ಮನೆಗೆ ಹೋಗಿ ಹೆಣ್ಣು ಕೇಳುವ ಕ್ವಾಂಜುಲಾ ದಿನ ಮದುಮಗ ಬಾಯಿ ಬಿಡುವಂತಿಲ್ಲ. ಅವನ ಪರವಾಗಿ ಮಾತಾಡಲು ಬಾಡಿಗೆಯ ಬಾಯಿ ಬೇಕು. ಆ ಬಾಯಿ ಇವನದು. ಹೆಣ್ಣಿನವರು ಎಷ್ಟು ಕೆಣಕಿದರೂ ನಗಿಸಿ, ಹೊಗಳಿ, ಗಾದೆ ಸುರಿದು, ಎಂಥ ಬಿಗುಮಾನದ ಮಾವನನ್ನೂ ಮೆತ್ತಗೆ ಮಾಡುತ್ತಿದ್ದ. ಈಗ ಕಾಲ ಕೆಟ್ಟಿತ್ತು. ಥಳಥಳ ಸೂಟಿನ ಹೊಸ ಹುಡುಗರು ಬಂದು ಇವನನ್ನು ಕೇಳುವವರಿಲ್ಲದೆ ಹೋಗಿತ್ತು. ಮನೆ ನಡೆಯುತ್ತಿದ್ದುದು ಹೆಂಡತಿ ನಸ್ಸೂನಾಳ ಜಡೆ ಹೆಣೆಯುವ ಅಂಗಡಿಯಿಂದ. ಅವಳು ಒಂದು ಮಾತೂ ಆಡುತ್ತಿರಲಿಲ್ಲ. ಅದೇ ಅವನಿಗೆ ನುಂಗಲಾರದ ತುತ್ತಾಗಿತ್ತು.

ಅಂಥ ಹೊತ್ತಿನಲ್ಲಿ ಒಂದು ಹೊಸ ರೇಡಿಯೋದವರಿಗೆ ಫುಟ್‌ಬಾಲ್ ಆಟವನ್ನು ಲುಗಾಂಡಾ ಭಾಷೆಯಲ್ಲಿ ಬಣ್ಣಿಸುವವನು ಬೇಕಾಗಿದ್ದ. ಚಿಕ್ಕಂದಿನಿಂದ ಹಲಸಿನ ಮರದಡಿ ಗೆಳೆಯರ ಆಟಕ್ಕೆ ಬಾಯಿ ಹರಿದುಕೊಂಡವನು ಲುಬೋವಾ. ಸೋಸಿ ಸೋಸಿ ಇಬ್ಬರನ್ನು ಉಳಿಸಿಕೊಂಡಿದ್ದರು, ಇವನೂ ಒಬ್ಬ. ಆಯ್ಕೆ ಮಾಡುವವರು ಒಬ್ಬೊಬ್ಬರು ಒಂದೊಂದು ಊರಿನಲ್ಲಿದ್ದುದರಿಂದ ಪರೀಕ್ಷೆ ಲ್ಯಾಪ್‌ಟಾಪಿನಲ್ಲೇ. ಅವರು ಸದ್ದಿಲ್ಲದ ಆಟ ಬಿಡುತ್ತಾರೆ, ಇವನು ನೋಡುತ್ತ ಬಣ್ಣಿಸಬೇಕು. ಎರಡು ಗಂಟೆಗೆ ಸಿಗದಿದ್ದರೆ ಕೆಲಸ ಇನ್ನೊಬ್ಬನಿಗೆ. ಮೊಬೈಲಿನಲ್ಲಿ ಮಾಡೋಣವೆಂದರೆ, ಕ್ಯೆಂಗೆರಾ ಗುಡ್ಡದ ಆ ತಗ್ಗಿನಲ್ಲಿ ಫೋನಿಗೆ ಮಾತು ಸಿಗುತ್ತಿತ್ತೇ ಹೊರತು ಇಂಟರ್ನೆಟ್ ಆಮೆಯಂತೆ ತೆವಳುತ್ತಿತ್ತು. ಅದಕ್ಕೆಂದೇ ಸೂರಿನ ಮೇಲೆ ಡಿಶ್ ತಟ್ಟೆ ಕೂರಿಸಿ, ತಂತಿ ಇಳಿಸಿ, ನಡುಮನೆಯಲ್ಲಿ ಟೀವಿಯ ಕೆಳಗೆ ರೂಟರ್ ಇಟ್ಟಿದ್ದು.

ಆ ನಡುಮನೆಯಲ್ಲಿ ಈಗ ಅತ್ತೆ ಇದ್ದಳು.

ಅತ್ತೆ ನಬ್ಬೋಸಾ ಮಸಾಕಾ ಕಡೆಯ ಹಳ್ಳಿಯವಳು. ಬಾಳೆತೋಟದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಆಸ್ಪತ್ರೆ ಹತ್ತಿರವೆಂದು ನಸ್ಸೂನಾ ಕರೆದುಕೊಂಡು ಬಂದಾಗ, "ಅಳಿಯನ ಸೂರಿನ ಕೆಳಗೆ ಮಲಗೋದಾ? ಹಾದಿ ಬದೀಲಿ ಬಿಟ್ಬಿಡು ನನ್ನ!" ಎಂದು ಅತ್ತಿದ್ದಳಂತೆ. ಅವಳ ಹಟದಲ್ಲೂ ಅರ್ಥವಿತ್ತು. ಅತ್ತೆ ಅಳಿಯ ಒಂದೇ ಕೋಣೆಯಲ್ಲಿ ನಿಲ್ಲಬಾರದು, ಒಬ್ಬರಿಗೊಬ್ಬರು ತಾಕಬಾರದು, ಬಟ್ಟೆಬರೆ ಸರಿಯಿಲ್ಲದಾಗ ಕಣ್ಣಿಗೆ ಬೀಳುವುದಂತೂ ಆಗಲೇಬಾರದು. ಮೀರಿದವರಿಗೆ ಒಬುಕೋ ಬರುತ್ತದೆ. ಕೈ ನಡುಕ, ಸಾಯುವ ತನಕ ಬಿಡದು. ಕೊನೆಗೆ ನಡುಮನೆ ಅತ್ತೆಗೆ, ಹಿಂದಿನ ಎರಡು ಕೋಣೆ ಅಳಿಯನಿಗೆ ಎಂದು ಪಾಲಾಯಿತು. ನಡುವೆ ಒಂದು ಗೋಡೆ, ಬಾಗಿಲಿಗೊಂದು ಪರದೆ. ಅಂದಿನಿಂದ ಲುಬೋವಾ ತನ್ನ ಮನೆಗೆ ತಾನೇ ಕಳ್ಳನ ಹಾಗೆ ಅಡುಗೆಮನೆ ಬಾಗಿಲಿಂದ ಬಂದುಹೋಗುತ್ತಿದ್ದ. ಟೀವಿ ಅಲ್ಲಿ, ಕುರ್ಚಿ ಅಲ್ಲಿ, ರೂಟರೂ ಅಲ್ಲೇ. ಅತ್ತೆಯ ಮುಖ ಅವನು ನೋಡಿರಲಿಲ್ಲ, ಅವಳೊಂದಿಗೆ ನೇರ ಒಂದು ಮಾತೂ ಆಡಿರಲಿಲ್ಲ.

ಮನೆಯಲ್ಲಿ ಬೇರೆ ಯಾರೂ ಇಲ್ಲ. ಮಕ್ಕಳು ಹಾಸ್ಟೆಲಿನಲ್ಲಿ. ಲುಬೋವಾ ಹೆಂಡತಿಗೆ ಫೋನ್ ಮಾಡಿದ.

"ನಸ್ಸೂ, ನಿಮ್ಮಮ್ಮನಿಗೆ ಹೇಳು, ಟೀವಿ ಕೆಳಗಿನ ಡಬ್ಬೀಲಿ ದೀಪ ಉರೀತಿದೆಯಾ ನೋಡ್ಲಿ."

"ರೀ, ಅರ್ಧ ತಲೆ ಹೆಣೆದಿದೀನಿ, ಇನ್ನರ್ಧ ಬಾಕಿ ಇದೆ."

"ಇಲ್ಲಿ ನಂದು ಪೂರ್ತಿ ತಲೇನೇ ಹೋಗ್ತಿದೆ! ಕೇಳೇ ಬೇಗ."

ನಸ್ಸೂನಾಗೆ ಎರಡು ಫೋನು. ಒಂದರಲ್ಲಿ ಗಂಡನನ್ನು, ಇನ್ನೊಂದರಲ್ಲಿ ಅಮ್ಮನನ್ನು ಹಿಡಿದು, ಎರಡನ್ನೂ ಸ್ಪೀಕರಿಗೆ ಹಾಕಿ ಕನ್ನಡಿಯ ಮುಂದೆ ಅಕ್ಕಪಕ್ಕ ಇಟ್ಟಳು. ಕೈ ಜಡೆಯಲ್ಲೇ ಇತ್ತು.

"ಅಮ್ಮಾ, ಟೀವಿ ಕೆಳಗೆ ಡಬ್ಬಿ ಇದೆಯಲ್ಲ, ದೀಪ ಉರೀತಿದೆಯಾ ಅಂತ ಇವರು ಕೇಳ್ತಿದಾರೆ."

ಅತ್ತೆಯ ಮಾತು ಲುಬೋವಾನಿಗೆ ಫೋನಿನಿಂದ ಒಂದು ಸಲ, ಗೋಡೆಯಿಂದ ಒಂದು ಸಲ ಕೇಳಿಸಿತು. "ಈಗಲೇ ನೋಡ್ಬೇಕಾ?"

"ಹೂಂ ಅಮ್ಮ, ಈಗಲೇ."

"ನಾನು ಅದನ್ನ ನೋಡಿದ್ರೆ... ಅದೂ ನನ್ನ ನೋಡುತ್ತಾ ಹೇಗೆ?"

ಅಂಗಡಿಯಲ್ಲಿ ಕೂತಿದ್ದ ಹೆಂಗಸರು ಗೊಳ್ಳೆಂದು ನಕ್ಕರು. "ಎಂಥಾ ಮಾತು! ಇಬ್ಬರ ನಡುವೆ ಇರೋದು ಒಂದು ಗೋಡೆ. ಮಾತು ಅಲ್ಲಿಂದ ಇಲ್ಲಿಗೆ ಬಂದು ವಾಪಸ್ ಅಲ್ಲಿಗೇ ಹೋಗ್ಬೇಕು. ಅದಕ್ಕೆ ಬಸ್ ಚಾರ್ಜ್ ಆದ್ರೂ ಕೊಡ್ರೇ!" ಎಂದಳು ಒಬ್ಬಳು. ನಬ್ಬೋಸಾ ಗಪ್ಪನೆ ಬಾಯಿ ಮುಚ್ಚಿಕೊಂಡಳು. ಆಮೇಲೆ ಏನೋ ಸರಿದಾಡಿದ ಸದ್ದು. "ಉರೀತಿದೆ. ಮೂರು. ಹಸಿರು," ಎಂದಳು.

ಅಷ್ಟರಲ್ಲಿ ಲ್ಯಾಪ್‌ಟಾಪಿನ ಗುರುತಿನಲ್ಲಿ ಎಲ್ಲ ಗೆರೆಗಳೂ ತುಂಬಿಕೊಂಡವು!

"ಬಂತು, ಬಂತು! ಸರಿಯಾಯ್ತು, ಬಿಡು," ಎಂದು ಲುಬೋವಾ ಫೋನ್ ಇಟ್ಟ. ಅಂಗಿಯ ಕಾಲರು ಸರಿಮಾಡಿಕೊಂಡ. ಆಚೆ ಠಣ್ ಎಂದಿತು, ಗೆರೆಗಳು ಮತ್ತೆ ಒಂದೊಂದಾಗಿ ಉದುರಿದವು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು. ಸೂರಿನ ತನಕ ಬಂದ ಇಂಟರ್ನೆಟ್ ಹತ್ತು ಹೆಜ್ಜೆ ದಾಟಿ ಇವನ ಮೇಜಿಗೆ ಬರಲೊಲ್ಲದು. ಲುಬೋವಾ ಕಂಪನಿಗೆ ಫೋನ್ ಮಾಡಿದ. ಅರ್ಧ ಹಾಡು ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ನಮ್ಮ ಕಡೆಯಿಂದ ಎಲ್ಲಾ ಸರಿಯಾಗಿದೆ ಸರ್. ರೂಟರ್ ಆಫ್ ಮಾಡಿ ಆನ್ ಮಾಡಿ. ಈಗ ಅದರ ಮುಂದೆ ಇದೀರಾ?"

"ಇಲ್ಲ."

"ಹಾಗಾದ್ರೆ ಅಲ್ಲಿಗೆ ಹೋಗಿ ಸರ್, ನಾನು ಲೈನಲ್ಲಿ ಇರ್ತೀನಿ."

"ಆಗಲ್ಲಮ್ಮ."

"ಯಾಕೆ ಸರ್?"

"ಅಲ್ಲಿ ನಮ್ಮತ್ತೆ ಇದಾರೆ."

ಅವಳೂ ಇದೇ ನೆಲದವಳು. "ಅಯ್ಯೋ, ಹಾಗಾದ್ರೆ ಬೇಡಿ ಸರ್. ಹೋಗ್ಬೇಡಿ," ಎಂದಳು ಮೆಲ್ಲಗೆ.

ಮತ್ತೆ ಹೆಂಡತಿಗೆ ಫೋನು, ಮತ್ತೆ ಎರಡು ಫೋನು ಅಕ್ಕಪಕ್ಕ. ಡಬ್ಬಿಯ ಸ್ವಿಚ್ಚು ಆರಿಸಿ ಹಚ್ಚುವಂತೆ ಅಮ್ಮನಿಗೆ ಹೇಳು ಎಂದ. ನಬ್ಬೋಸಾ ಬಹಳ ಹೊತ್ತು ತಗೊಂಡಳು.

"ಯಾಕಮ್ಮ, ಕೈಗೆ ಎಟುಕ್ತಿಲ್ವಾ?" ಎಂದು ನಸ್ಸೂನಾ ಕೇಳಿದಳು.

"ಎಟುಕುತ್ತೆ."

"ಮತ್ತೆ ಏನಾಯ್ತು?"

"ಏನಿಲ್ಲ." ಇನ್ನೂ ಏನೋ ಹೇಳಲು ಹೊರಟವಳು, "ಅಲ್ಲಿ ಯಾರ್ಯಾರಿದಾರೆ? ಅಳಿಯಂದ್ರು ಕೇಳಿಸ್ಕೊಳ್ತಿದಾರಾ?" ಎಂದಳು.

"ಇದಾರೆ, ಇನ್ನೊಂದು ಫೋನಲ್ಲಿ."

"ಹಾಗಾದ್ರೆ ಏನಿಲ್ಲ ಬಿಡು."

ಸ್ವಿಚ್ಚು ಚಟ್ ಎಂದಿತು, ಮತ್ತೆ ಚಟ್ ಎಂದಿತು. ರೂಟರಿಗೆ ಜೀವ ಬರುವ ತನಕ ಲುಬೋವಾ ಉಸಿರು ಬಿಗಿಹಿಡಿದು ಕೂತ. ಗೆರೆಗಳು ತುಂಬಿದವು. ಈ ಸಲ ಅವನು ಫೋನ್ ಇಡಲಿಲ್ಲ, ಕಣ್ಣೂ ಮಿಟುಕಿಸಲಿಲ್ಲ. ಠಣ್! ಗೆರೆಗಳು ಹೋದವು.

"ಹೋಯ್ತು ಕಣೇ! ಕಣ್ಣೆದುರಿಗೇ ಹೋಯ್ತು!"

"ರೀ, ನಾನೇನು ಮಾಡ್ಲಿ ಇಲ್ಲಿಂದ? ಊದಿ ಕಳಿಸ್ಲಾ?"

ಎರಡಾಗಲು ಸ್ವಲ್ಪವೇ ಹೊತ್ತು ಉಳಿದಿತ್ತು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಲುಬೋವಾ ಅಡುಗೆಮನೆ ಬಾಗಿಲಿಂದ ಹೊರಬಿದ್ದು, ಮನೆಯನ್ನು ಸುತ್ತಿ ಮುಂದಿನ ಜಗುಲಿಗೆ ಬಂದ. ನಡುಮನೆಯ ಕಿಟಕಿಯ ಕೆಳಗೆ ಕೂತರೆ ರೂಟರ್ ಒಂದು ಮಾರು ದೂರ. ಕಿಟಕಿಗೆ ಹೇಗೂ ಪರದೆಯಿದೆ, ತಲೆಯೆತ್ತದೆ ಕೂತರಾಯಿತು. ಅವನ ಚಪ್ಪಲಿಯ ಸದ್ದು ಕೇಳಿದ್ದೇ ತಡ, ಒಳಗಿಂದ ಚೀತ್ಕಾರ!

"ಯಾರದು? ಯಾರು ಅಲ್ಲಿ? ಹೋಗಿ ಅಂತೀನಿ!" ಊರುಗೋಲೊಂದು ಪರದೆಯ ಸಂದಿಯಿಂದ ಹೊರಬಂದು ಕಿಟಕಿಯ ಬಾಗಿಲನ್ನು ಧಡಾರನೆ ಎಳೆದು ಮುಚ್ಚಿತು. ಲುಬೋವಾನ ಮೂಗು ಬೆರಳಗಲದಲ್ಲಿ ಉಳಿಯಿತು.

ಅವನ ಕಿವಿ ಕಾದುಹೋಯಿತು. ತನ್ನ ಜಗುಲಿ, ತನ್ನ ಕಿಟಕಿ, ತನ್ನನ್ನೇ ನಾಯಿಯ ಹಾಗೆ ಅಟ್ಟುವುದೇ? ಬಂದ ದಾರಿಯಲ್ಲೇ ಕೋಣೆಗೆ ಮರಳಿ, ಹೆಂಡತಿಗೆ ಫೋನ್ ಹಚ್ಚಿ, ಇಷ್ಟು ವಾರ ನುಂಗಿಕೊಂಡದ್ದನ್ನೆಲ್ಲ ಒಟ್ಟಿಗೆ ಕಾರಿದ.

"ನಿಮ್ಮಮ್ಮ ಬೇಕೂಂತಲೇ ಮಾಡ್ತಿದಾರೆ! ನಾನು ಉದ್ಧಾರ ಆಗೋದು ಅವರಿಗೆ ಯಾವತ್ತು ಬೇಕಿತ್ತು? ಬಾಯಿ ಬಡ್ಕೊಂಡು ತಿನ್ನೋನಿಗೆ ಮಗಳನ್ನ ಕೊಡಲ್ಲ ಅಂದೋರು ತಾನೆ! ಅವರು ಈ ಮನೆಗೆ ಕಾಲಿಟ್ಟಾಗಿಂದ ಒಂದು ಒಳ್ಳೇದಾಗಿಲ್ಲ. ನನ್ನ ಕುರ್ಚಿ ಹೋಯ್ತು, ಬಾಗಿಲು ಹೋಯ್ತು, ಈಗ ಅನ್ನಾನೂ ಹೋಗ್ಲಿ! ಮುರಿದಿದ್ದು ಅವರ ಕಾಲಲ್ಲ, ನನ್ನ ಕಾಲು!"

"ರೀ, ಮೆಲ್ಲಗೆ. ಗೋಡೆ ತೆಳು," ಎಂದಳು ನಸ್ಸೂನಾ. ಅವಳ ದನಿ ಒಡೆದಿತ್ತು. ಅಂಗಡಿಯಲ್ಲಿ ಯಾರೂ ನಗುತ್ತಿರಲಿಲ್ಲ.

ಅವನು ಫೋನ್ ಎಸೆದ. ತಲೆ ಹಿಡಿದುಕೊಂಡು ಮಂಚದ ಮೇಲೆ ಕುಸಿದ. ಅಷ್ಟು ಜನ ಮದುಮಕ್ಕಳಿಗಾಗಿ ಅಷ್ಟು ಅತ್ತೆಯರನ್ನು ಒಲಿಸಿದ ಬಾಯಿ ಇದು. ಈಗ ನೋಡಿದರೆ ಆಡಬಾರದ್ದನ್ನೆಲ್ಲ ಆಡಿತ್ತು, ಕೆಲಸವೂ ಕೆಟ್ಟಿತ್ತು.

ಆಗ ಗೋಡೆಯ ಆಚೆಯಿಂದ ಒಂದು ಕೆಮ್ಮು ಕೇಳಿಸಿತು.

"ಗೋಡೆಯೇ," ಎಂದಳು ನಬ್ಬೋಸಾ. ಅಳಿಯನ ಜೊತೆ ಮಾತಾಡಬಾರದು ನಿಜ. ಗೋಡೆಯ ಜೊತೆ ಮಾತಾಡಬೇಡವೆಂದು ಯಾವ ಹಿರಿಯರೂ ಹೇಳಿಲ್ಲ. "ಗೋಡೆಯೇ, ಒಂದು ಮಾತು ಕೇಳು. ಈಗ ಹೇಗಿದೆ, ಬಂತಾ?"

ಲುಬೋವಾ ತಲೆಯೆತ್ತಿದ. ಗೆರೆಗಳು ತುಂಬಿದ್ದವು.

"ಗೋಡೆಯೇ, ಬಂತು ಅಂತ ಹೇಳು," ಎಂದ.

"ಎಷ್ಟು ಹೊತ್ತು ಬೇಕಂತೆ?"

"ಒಂದು ಅರ್ಧ ಗಂಟೆ."

ಆಚೆ ಒಂದು ದೀರ್ಘ ಉಸಿರು. "ಆಗ್ಲಿ. ಹೋಗಲ್ಲ ಅಂತ ಹೇಳು. ಅವರ ಕೆಲಸ ಅವರು ಮಾಡ್ಲಿ."

ಏನು ಮಾಡಿದಳು, ಹೇಗೆ ಮಾಡಿದಳು ಎಂದು ಕೇಳುವಷ್ಟು ವ್ಯವಧಾನ ಯಾರಿಗಿತ್ತು? ಗಡಿಯಾರ ಎರಡು ತೋರಿಸುತ್ತಿತ್ತು. ಪರದೆಯ ಮೇಲೆ ಆಯ್ಕೆಗಾರರ ಮುಖಗಳು ಮೂಡಿದವು, ಆಟ ಶುರುವಾಯಿತು, ಲುಬೋವಾ ಬಾಯಿ ತೆರೆದ.

"ಬಂದ ನೋಡಿ ಹಳದಿ ಅಂಗಿಯೋನು! ಮದುಮಗನ ನಡಿಗೆ, ಕಾಲಲ್ಲಿ ಚೆಂಡು. ಬಾಗಿಲಲ್ಲಿ ನಿಂತಿದಾನೆ ಗೋಲ್‌ಕೀಪರ್, ಮಾವನ ಗತ್ತು! ಯಾರಪ್ಪಾ ನೀವು, ಯಾಕೆ ಬಂದ್ರಿ, ನಿಮ್ಮ ಕುಲ ಯಾವುದು ಅಂತ ಕೇಳ್ತಿದಾನೆ. ಹೇಳ್ತೀನಿ ಮಾವ, ಮೊದಲು ಒಳಗೆ ಬಿಡು! ಎಡಕ್ಕೆ ಹೋದ, ಬಲಕ್ಕೆ ಬಂದ, ಒದ್ದ... ಅಯ್ಯಯ್ಯೋ! ಕಂಬಕ್ಕೆ! ಕೊಡಲ್ಲ ನನ್ನ ಮಗಳನ್ನ ಅಂತಿದಾನೆ ಮಾವ!"

ಆಯ್ಕೆಗಾರರಲ್ಲಿ ಹಿರಿಯನೊಬ್ಬ ಹೊಟ್ಟೆ ಹಿಡಿದು ನಗುವುದು ಕಾಣಿಸಿತು. ಲುಬೋವಾನಿಗೆ ಊರೇ ತನ್ನದಾದಂತಾಯಿತು. ಗೋಡೆ, ಅತ್ತೆ, ರೂಟರ್ ಎಲ್ಲವನ್ನೂ ಮರೆತ. ಇಂಟರ್ನೆಟ್ ಒಮ್ಮೆಯೂ ತೊದಲಲಿಲ್ಲ. ಕೊನೆಯಲ್ಲಿ ಚೆಂಡು ಬಲೆಗೆ ಬಿದ್ದಾಗ ಅವನು ಕೂಗಿದ ಕೂಗಿಗೆ ಪಕ್ಕದ ಮನೆಯ ಕೋಳಿಗಳು ಹಾರಿದವು.

"ಸೋಮವಾರ ಬಂದ್ಬಿಡಿ. ಇನ್ನೊಬ್ಬರಿಗೆ ನಾವೇ ಹೇಳ್ತೀವಿ," ಎಂದ ಆ ಹಿರಿಯ.

ಲುಬೋವಾ ಮಂಚದ ಮೇಲೆ ಹತ್ತಿ ಕುಣಿದ. ಲ್ಯಾಪ್‌ಟಾಪು ಮುಚ್ಚಿ, ಅಡುಗೆಮನೆ ಬಾಗಿಲಿಂದ ಹೊರಗೆ ಹಾರಿ, ದಾರಿಯಲ್ಲೇ ಹೆಂಡತಿಗೆ ಫೋನ್ ಮಾಡಿ ಕೂಗಿದ, ಅವಳು ಆಚೆಯಿಂದ ಅತ್ತಳು. ಬಯ್ದದ್ದಕ್ಕೆ ತಪ್ಪಾಯಿತು ಎಂದ, ಆಯಿತು ಬಿಡಿ ಎಂದಳು. ಬಾಡಿಗೆಯ ಬೋಡಾ ಬೈಕುಗಳು ನಿಲ್ಲುವ ಕೂಡುರಸ್ತೆಗೆ ಹೋಗಿ ಕಂಡಕಂಡವರಿಗೆಲ್ಲ ಸುದ್ದಿ ಹೇಳಿದ. ಗೆಳೆಯರು ಬಿಡಲಿಲ್ಲ. ಹಂದಿಮಾಂಸ ಸುಡುವ ಅಂಗಡಿಯ ಬೆಂಚಿನಲ್ಲಿ ಕೂರಿಸಿ, ತಟ್ಟೆಯ ಮೇಲೆ ತಟ್ಟೆ ತರಿಸಿ, ಮದುಮಗ-ಮಾವನ ಆಟವನ್ನು ಮತ್ತೆ ಮತ್ತೆ ಹೇಳಿಸಿದರು.

ಅವನು ಮನೆಗೆ ಬಂದಾಗ ಮುಸ್ಸಂಜೆ. ನಸ್ಸೂನಾ ಪರದೆಯ ಈಚೆ ನಿಂತಿದ್ದಳು, ಕೈಯಲ್ಲಿ ದೊಡ್ಡ ಅಲ್ಯೂಮಿನಿಯಂ ಪಾತ್ರೆ. ಅಮ್ಮನ ಮಧ್ಯಾಹ್ನದ ಊಟಕ್ಕೆ ಬೆಕ್ಕು ಬಾಯಿ ಹಾಕದಿರಲೆಂದು ಅವಳು ದಿನಾ ಬೋರಲು ಹಾಕಿ ಹೋಗುತ್ತಿದ್ದ ಪಾತ್ರೆ ಅದು.

"ಇದೇ ನಿಮ್ಮ ಇಂಟರ್ನೆಟ್ ತಿಂತಾ ಇದ್ದಿದ್ದು," ಎಂದಳು. "ಅಮ್ಮ ಇದನ್ನ ರೂಟರಿಗೆ ಮುಚ್ಚಿಟ್ಟಿದ್ಲು."

"ಪಾತ್ರೆನಾ!" ಲುಬೋವಾನಿಗೆ ನಗು ಉಕ್ಕಿತು. ಠಣ್ ಎಂದದ್ದೆಲ್ಲ ಒಟ್ಟಿಗೆ ನೆನಪಾಯಿತು. "ಯಾಕೇ?"

"ನಗಬೇಡಿ. ಆ ಡಬ್ಬಿ ಮೂಲಕ ನಿಮಗೆ ದೂರದೂರದವರ ಮುಖ ಎಲ್ಲಾ ಕಾಣುತ್ತೆ ಅಂತ ನಾನೇ ಹೇಳಿದ್ದೆ. ಹಾಗಾದ್ರೆ ಅದು ಅಳಿಯನ ಕಣ್ಣು, ಇಲ್ಲಿರೋ ನಾನೂ ಕಾಣ್ತೀನಿ ಅಂದ್ಕೊಂಡಿದಾಳೆ. ದಿನಾ ಬೆಳಿಗ್ಗೆ ಬಟ್ಟೆ ಬದಲಾಯಿಸೋವಾಗ ಮುಚ್ಚಿ, ಆಮೇಲೆ ತೆಗೀತಿದ್ಲಂತೆ. ಇವತ್ತು ಮಧ್ಯಾಹ್ನ ಉಟ್ಟಿದ್ದ ಬುಸೂಟಿ ಮೇಲೆಲ್ಲ ಸಾರು ಚೆಲ್ಲಿಕೊಂಡು ಬಿಚ್ಚಿದಾಳೆ. ಇನ್ನೊಂದು ಕಪಾಟಿನ ಮೇಲಿತ್ತು, ಕೈಗೆಟುಕಿಲ್ಲ. ಬರೀ ಒಳಲಂಗ, ಒಂದು ತೆಳು ದುಪಟಿ. ಫೋನಲ್ಲಿ ಹೇಗೆ ಹೇಳ್ತಾಳೆ ಪಾಪ, ಅಂಗಡಿ ತುಂಬ ಜನ, ನೀವು ಬೇರೆ ಕೇಳಿಸ್ಕೊಳ್ತಿದ್ರಿ. ಅಂಥಾದ್ರಲ್ಲಿ ಕಿಟಕಿ ಹತ್ರ ಬೇರೆ ಹೋಗಿದೀರಿ."

ಲುಬೋವಾನ ನಗು ಎಲ್ಲೋ ಹೋಯಿತು.

"ಪಾತ್ರೆ ಎತ್ತಿದಾಗ ನಿಮ್ಮ ದನಿ ಗೆಲುವಾಗುತ್ತೆ, ಮುಚ್ಚಿದಾಗ ಬಯ್ತೀರಿ. ಅದರಲ್ಲೇ ಅವಳಿಗೆ ಗೊತ್ತಾಗಿದೆ. ಗೊತ್ತಾದ ಮೇಲೆ ಎತ್ತಿಟ್ಟು, ದುಪಟಿ ತಲೆ ಮೇಲೆ ಎಳ್ಕೊಂಡು, ಡಬ್ಬಿಗೆ ಬೆನ್ನು ಹಾಕಿ ಕೂತಿದಾಳೆ. ಒಬುಕೋ ಅಂತ ಹೆದರ್ಲಿಲ್ವಾ ಅಮ್ಮ ಅಂದ್ರೆ, 'ನಡುಕ ಬಂದ್ರೆ ಬರ್ಲಿ, ಈ ವಯಸ್ಸಲ್ಲಿ ನಾನೇನು ಸೂಜಿಗೆ ದಾರ ಪೋಣಿಸ್ಬೇಕಾ' ಅಂದ್ಲು." ನಸ್ಸೂನಾ ಮುಂಗೈಯಿಂದ ಮೂಗು ಒರೆಸಿಕೊಂಡಳು. "ನಾನು ಬಂದಾಗ್ಲೂ ಹಾಗೇ ಕೂತಿದ್ಲು ರೀ. ಗೋಡೆ ಕಡೆ ಮುಖ ಮಾಡ್ಕೊಂಡು."

"ಈಗಿನ ತನಕನಾ? ಮಧ್ಯಾಹ್ನವೇ ಮುಗೀತಲ್ಲ!"

"ಮುಗೀತು ಅಂತ ಯಾರು ಹೇಳಿದ್ರು ಅವಳಿಗೆ? ನೀವೇ ಹೇಳಿರ್ತೀರಿ ಅಂದ್ಕೊಂಡಿದ್ದೆ ನಾನು. ನಿಮ್ಮ ದನಿ ನಿಂತಾಗ, ಅರ್ಧ ಆಟಕ್ಕೆ ವಿರಾಮ ಕೊಡ್ತಾರಲ್ಲ, ಇನ್ನರ್ಧ ಬಾಕಿ ಇರ್ಬೇಕು ಅಂದ್ಕೊಂಡ್ಲಂತೆ. ಮುಚ್ಚಿ ಮತ್ತೆ ಅಳಿಯಂದ್ರ ಕೆಲಸ ಕೆಟ್ರೆ ಅಂತ."

ಲುಬೋವಾ ಕೋಣೆಗೆ ಹೋಗಿ ಗೋಡೆಯ ಮುಂದೆ ನಿಂತ. ಮಂಡಿಯೂರಿದ. ಗಂಡಸರು ಮಂಡಿಯೂರುವ ಪದ್ಧತಿಯಿಲ್ಲ. ಆ ಹೊತ್ತಿಗೆ ಅವನಿಗೆ ಪದ್ಧತಿ ನೆನಪಾಗಲಿಲ್ಲ.

"ಗೋಡೆಯೇ," ಎಂದ. "ಆಟ ಮುಗೀತು ಅಂತ ಹೇಳು. ಆಗಲೇ ಮುಗೀತು. ಕೆಲಸ ಸಿಕ್ತು. ಮೊದಲು ಅವರಿಗೆ ಹೇಳ್ಬೇಕಿತ್ತು. ಹೇಳಿಲ್ಲ."

ಆಚೆ ಬಟ್ಟೆ ಸರಸರ ಎಂದಿತು. ಮಗಳು ಉಡಿಸಿದ ಬುಸೂಟಿಯನ್ನು ಅವಳು ಸರಿಮಾಡಿಕೊಳ್ಳುತ್ತಿರಬೇಕು.

"ಗೋಡೆಯೇ," ಎಂದಳು ನಬ್ಬೋಸಾ, "ಅಳಿಯಂದ್ರು ಮಧ್ಯಾಹ್ನದಿಂದ ಬರೀ ಹೊಟ್ಟೇಲಿ ಕೂಗಿದಾರೆ. ಏನಾದ್ರೂ ಉಂಡ್ರಾ ಕೇಳು."

ಹಂದಿಮಾಂಸದ ಜಿಡ್ಡು ಇನ್ನೂ ಅವನ ಬೆರಳುಗಳಲ್ಲಿತ್ತು. ಅವನು ಗೋಡೆಗೆ ಹಣೆ ಹಚ್ಚಿ ಕೂತ.